ನಮ್ಮ ಕತ್ತರಿ, ನಿಮ್ಮ ಅಮಾನತು

ಅಮಾನತಿನ ಆದೇಶಕ್ಕೆ ಸಹಿ ಹಾಕಿದ ಶಿಕ್ಷಣ ಇಲಾಖೆಯ ಅಧಿಕಾರಿಗಳೇ,

ಒಂದು ಮಗುವಿನ ಕೈ ಉಳಿಸಿದ್ದಕ್ಕೆ ಶಿಕ್ಷಕನಾದ ನನ್ನ ಮಗ ಮುಬಶ್ಶಿರನನ್ನು ನೀವು ಐದು ತಿಂಗಳು ಶಾಲೆಯಿಂದ ಹೊರಗಿಟ್ಟಿರಿ. ಅದೂ ಆ ಮಗುವನ್ನು ಒಂದು ಮಾತೂ ಕೇಳದೆ. ನಾನು ಓದಿದ್ದು ಹತ್ತನೇ ತರಗತಿ. ಸಹಿ ಹಾಕುವ ಮೊದಲು ಕಾಗದ ಓದಬೇಕು, ಓದಿದ್ದು ನಿಜವೇ ಎಂದು ವಿಚಾರಿಸಬೇಕು ಎಂಬುದನ್ನು ಅಷ್ಟರಲ್ಲೇ ಕಲಿತೆ. ನಿಮಗೆ ಎಷ್ಟು ಓದಿದ ಮೇಲೆ ಅದು ಮರೆಯಿತು?

ನಡೆದದ್ದು ಇಷ್ಟು. ಹರಪನಹಳ್ಳಿ ಕಡೆಯ ಒಂದು ಹಳ್ಳಿಶಾಲೆ. ಮೊಹರಂ ದಿನಗಳು. ಎಲ್ಲ ಜಾತಿಯ ಮಕ್ಕಳ ಮುಂಗೈಗೂ ಪೀರಲ ದೇವರ ಕೆಂಪು ದಾರ, ಲಾಡಿ. ಹಬ್ಬದ ಕೊನೆಯ ದಿನ ದೇವರು ಹೊಳೆಗೆ ಹೋಗುವವರೆಗೆ ಅದನ್ನು ಬಿಚ್ಚುವಂತಿಲ್ಲ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳಿಗೆ ಕಣಜ ಕಡಿದು ಕೈ ಊದಿತು. ಲಾಡಿ ಚರ್ಮದೊಳಗೆ ಹೂತು ಬೆರಳು ನೀಲಿಗಟ್ಟಿದವು. ಮುಬಶ್ಶಿರ ಮೂವತ್ತು ಮಕ್ಕಳೆದುರು ಅವಳ ಕೈ ಹಿಡಿದು, ಕರಕುಶಲ ಪಾಠಕ್ಕೆಂದು ನಾನು ಕೊಟ್ಟಿದ್ದ ಕತ್ತರಿಯಿಂದ ಆ ದಾರ ಕತ್ತರಿಸಿದ. ಅಷ್ಟೇ.

ಹುಡುಗಿಯ ತಾಯಿಗೆ ಸಿಟ್ಟು ಬಂದದ್ದು ನಿಜ, ಲಾಡಿಗಾಗಿ. ಅವಳು ಶಾಲಾ ಸಮಿತಿಯ ಅಧ್ಯಕ್ಷರಿಗೆ ದೂರು ಹೇಳಿದಳು. ತರಗತಿಯ ಕೋಣೆಯಲ್ಲಿ ತುಂಬಿಟ್ಟಿದ್ದ ತಮ್ಮ ಮೆಕ್ಕೆಜೋಳದ ಚೀಲಗಳನ್ನು ಮುಬಶ್ಶಿರ ಹೊರಗೆ ಹಾಕಿಸಿದ್ದನ್ನು ಆ ಮಹನೀಯರು ಮರೆತಿರಲಿಲ್ಲ. ಅವರು ಬರೆದದ್ದು: 'ಬಾಲಕಿಯ ಕೈ ಹಿಡಿದೆಳೆದು ಅಸಭ್ಯವಾಗಿ ವರ್ತಿಸಿದ್ದಾರೆ.' ತಾಯಿ ಹೆಬ್ಬೆಟ್ಟು ಒತ್ತಿದಳು. ನೀವು ಮುದ್ರೆ ಒತ್ತಿದಿರಿ. ಅವಳಿಗೆ ಓದಲು ಬರುವುದಿಲ್ಲ. ನಿಮ್ಮ ನೆಪವೇನು?

ವಿಷಯ ತಿಳಿದ ದಿನವೇ ಆಕೆ ಬಸ್ಸು ಹತ್ತಿ ಕೊಟ್ಟೂರಿಗೆ ಬಂದು ನಮ್ಮ ಹೊಸ್ತಿಲಲ್ಲಿ ಕುಳಿತಳು.

"ನಾ ಹೇಳಿದ್ದು ಲಾಡಿ ಕತ್ತರಿಸ್ಯಾರ ಅಂತ್ರಿ ಅಮ್ಮ. ಸಾಬ್ರೇ ಆಗಿ ಪೀರಲ ದೇವ್ರಿಗೆ ಅಂಜಂಗಿಲ್ಲೇನು ಅಂತ ಸಿಟ್ಟು ಬಂದಿತ್ರಿ. ಅವ ಹಿಂಗ ಬರಿತಾನಂತ ನನಗೇನ್ ಗೊತ್ರಿ?"

"ಕೂಸಿನ ಕೈಗಿಂತ ದಾರ ದೊಡ್ಡದೇನವ್ವ? ದಾರ ಇನ್ನೊಂದು ಸಿಗತೈತಿ. ಕೈ ಸಿಗತೈತೇನು?"

"ತಪ್ಪಾತ್ರಿ. ಎಲ್ಲಿಗಿ ಬೇಕಾದ್ರೂ ಕರ್ಕೊಂಡು ನಡೀರಿ, ಹೇಳ್ತೀನಿ."

ನಿಮ್ಮಲ್ಲಿಗೇ ಕರೆತಂದೆ, ಮೂರು ಸಲ. ಮೂರು ಸಲವೂ ಸಾಹೇಬರು ಮೀಟಿಂಗಿನಲ್ಲಿದ್ದರು. ಸುಳ್ಳಿನ ಕಾಗದ ಒಂದೇ ದಿನದಲ್ಲಿ ನಿಮ್ಮ ಮೇಜು ತಲುಪಿತು. ನಿಜ ಹೇಳಲು ಬಂದವಳಿಗೆ ಬಾಗಿಲ ಹೊರಗಿನ ಬೆಂಚು!

ಮಕ್ಕಳನ್ನು ಕೆಡಿಸುವ ಶಿಕ್ಷಕನಿದ್ದರೆ ಜೈಲಿಗೆ ಹಾಕಿ. ನನಗೂ ಮೊಮ್ಮಕ್ಕಳಿದ್ದಾರೆ. ಆದರೆ ನಿಮ್ಮ ಸೋಮಾರಿತನಕ್ಕೆ ಮಕ್ಕಳ ರಕ್ಷಣೆ ಎಂದು ಹೆಸರಿಡಬೇಡಿ.

ಕೊನೆಗೆ 'ಆರೋಪ ಸಾಬೀತಾಗಿಲ್ಲ' ಎಂಬ ಒಂದು ಸಾಲು, ಜೊತೆಗೆ ಹಡಗಲಿ ತಾಲ್ಲೂಕಿಗೆ ವರ್ಗ. ಈಗ ಅವನು ಕೈ ಹಿಂದೆ ಕಟ್ಟಿಕೊಂಡು ಪಾಠ ಮಾಡುತ್ತಾನೆ. ಕಳೆದ ವಾರ ಅಂಗಳದಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡ ಹುಡುಗಿಯನ್ನು ಅವನು ಎತ್ತಲಿಲ್ಲ. ಅಡುಗೆಯವಳು ಬರುವವರೆಗೆ ನಿಂತು ನೋಡಿದೆ ಎಂದು ನನ್ನೆದುರು ತಲೆ ತಗ್ಗಿಸಿದ. ಇಂಥ ಮಗನನ್ನು ನಾನು ಹೆತ್ತಿರಲಿಲ್ಲ. ಇವನನ್ನು ನಿಮ್ಮ ಕಚೇರಿ ತಯಾರಿಸಿತು.

ಇನ್ನು ಮುಂದೆ ಇಂಥ ದೂರು ಬಂದ ದಿನವೇ ಮಹಿಳಾ ಅಧಿಕಾರಿಯೊಬ್ಬರು ಮಗುವಿನ ಮಾತು ಕೇಳಲಿ, ನಿಮ್ಮ ಸಹಿ ಆಮೇಲೆ ಬೀಳಲಿ. ಸುಳ್ಳು ಬರೆದವರ ಮೇಲೆ ಕ್ರಮವಾಗಲಿ. ನನ್ನ ಮಗನನ್ನು ಅದೇ ಶಾಲೆಗೆ ಕಳಿಸಿ, ಊರವರನ್ನು ಕರೆದು, ಆ ಒಂದು ಸಾಲನ್ನು ಅಲ್ಲಿಯ ಅಂಗಳದಲ್ಲಿ ನಿಂತು ನೀವೇ ಗಟ್ಟಿಯಾಗಿ ಓದಿ. ಬರುವಾಗ ಸಾಕ್ಷ್ಯವೆಂದು ಒಯ್ದ ನನ್ನ ಕತ್ತರಿಯನ್ನೂ ತನ್ನಿ. ಮುಂದಿನ ಮೊಹರಂಗೆ ಮಕ್ಕಳ ಕೈಯಲ್ಲಿ ಮತ್ತೆ ಲಾಡಿ ಇರುತ್ತದೆ. ಕಣಜಗಳು ನಿಮ್ಮ ಆದೇಶ ಓದುವುದಿಲ್ಲ.

ಇಂತಿ,
ಕತ್ತರಿ ಕೊಟ್ಟು ಕಳಿಸಿದ ತಪ್ಪಿತಸ್ಥೆ,
ಜುಬೇದಾ ಬೀ, ಕೊಟ್ಟೂರು