ಕರವಸ್ತ್ರ ಹೊದ್ದ ರಿಲೇ

ಭಾವನವರಿಗೆ ನಮಸ್ಕಾರ.

ಮನೆಗೆ ಫೋನು ಮಾಡಿದರೆ ಅಕ್ಕನ ಕಿವಿಗೆ ಬೀಳುತ್ತದೆಂದು ಈ ಪತ್ರವನ್ನು ಗ್ಯಾರೇಜಿನ ಹುಡುಗನ ಕೈಯಲ್ಲಿ ನಿಮ್ಮ ಆಫೀಸಿಗೇ ಕಳಿಸುತ್ತಿದ್ದೇನೆ.

ನನ್ನ ಗ್ಯಾರೇಜಿನಲ್ಲಿರುವ ನಿಮ್ಮ ಹಳೇ ಕಾರಿನ ಏಸಿ ನನ್ನ ತಲೆ ಕೆಡಿಸಿದೆ. ಗ್ಯಾಸ್ ಇದೆ, ಫ್ಯೂಸ್ ಸರಿಯಿದೆ, ನೇರವಾಗಿ ವೈರ್ ಕೊಟ್ಟರೆ ಕಂಪ್ರೆಸರ್ ತಿರುಗುತ್ತದೆ. ಅದಕ್ಕೆ ಕರೆಂಟು ಕೊಡುವ ರಿಲೇಯೇ ಜಾಗದಲ್ಲಿಲ್ಲ! ಹುಡುಕಿದರೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ನಿಮ್ಮ ಕರವಸ್ತ್ರ ಹೊದ್ದು ಮಲಗಿದೆ.

ತಣ್ಣನೆ ಗಾಳಿಗೆ ಅಕ್ಕನ ಮಂಡಿ ಹಿಡಿದುಕೊಳ್ಳುತ್ತದೆಂದು ನೀವೇ ಕಿತ್ತಿಟ್ಟಿರಾ? ಏಸಿ ಕೆಟ್ಟಿದೆ ಎಂದು ಹೇಳಿ ಇಷ್ಟು ಬೇಸಿಗೆ ಸುಮ್ಮನೆ ಬೆವರಿದಿರಾ?

ಅಕ್ಕನೋ, "ಅವರು ಬೆವರೋದು ನೋಡಕ್ಕಾಗಲ್ಲ ಕಣೋ, ಹೇಗಾದ್ರೂ ರಿಪೇರಿ ಮಾಡು" ಎಂದು ಕಾರು ಬಿಟ್ಟುಹೋಗಿದ್ದಾಳೆ. ನನ್ನದೀಗ ಅತ್ತ ದರಿ, ಇತ್ತ ಪುಲಿ. ರಿಲೇ ಹಾಕಲೋ, ಬಿಡಲೋ? ಸಂಜೆಯೊಳಗೆ ಹೇಳಿಕಳಿಸಿ. ಕಾರು ಒಯ್ಯಲು ಅವಳೇ ಬರುತ್ತಾಳೆ. ತನಗೆಂದು ಆಗಲೇ ದಪ್ಪನೆಯ ಶಾಲೊಂದನ್ನು ಕೊಂಡಿಟ್ಟುಕೊಂಡಿದ್ದಾಳೆ.

ಇಂತಿ,
ನಡುವೆ ಸಿಕ್ಕಿಬಿದ್ದ ನಿಮ್ಮ ಭಾಮೈದ