ಸೊನ್ನೆ ತೋರಿಸಿದ ಮೀಟರು

೧೮ ನವೆಂಬರ್ ೨೦೦೩, ಮಂಗಳವಾರ, ಜಾವಳಿ

ಆ ಸೊನ್ನೆ ಇನ್ನೂ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನೀರಿನಲ್ಲಿ ಕೀಟನಾಶಕ ಇದೆಯೇ ಎಂದು ಹೇಳುವ ಸೆನ್ಸರನ್ನು ವರ್ಷಗಟ್ಟಲೆ ಕೂತು ಮಾಡಿದವಳು ನಾನು. ಇವತ್ತು ಕಾಫಿ ಪ್ಲಾಂಟರುಗಳ ಮುಂದೆ ಅದನ್ನು "ನನ್ನ ಸೆನ್ಸರ್" ಎಂದು ಎತ್ತಿ ತೋರಿಸಿದವರು ನನ್ನ ಪಿಎಚ್.ಡಿ. ಗೈಡ್ ಪದ್ಮನಾಭಯ್ಯ. ನಾನು ಯಾರೆಂದು ಯಾರೋ ಕೇಳಿದ್ದಕ್ಕೆ, "ಸಾಮಾನು ನೋಡ್ಕೊಳ್ಳೋಕೆ ಬಂದಿದ್ದಾಳೆ" ಎಂದರು.

ಆಮೇಲೆ ನೀರಿಗೆ ಅದ್ದುವ ಎಲೆಕ್ಟ್ರೋಡ್ ಕಡ್ಡಿಯ ತುದಿಯನ್ನು ಕರ್ಚೀಫಿನಿಂದ ಗಸಗಸ ಒರೆಸಿದರು, ಕನ್ನಡಕ ಒರೆಸಿದ ಹಾಗೆ! ವಿಷವನ್ನು ಗುರುತಿಸುವುದೇ ಅಲ್ಲಿರುವ ಕಿಣ್ವದ ಪದರ. ಅದು ಹೋದರೆ ವಿಷದಲ್ಲೇ ಅದ್ದಿದರೂ ಮೀಟರು ಸೊನ್ನೆ. ಒಂದು ದಿನವೂ ಅದನ್ನು ಕೈಯಲ್ಲಿ ಹಿಡಿಯದವರಿಗೆ ಇದೆಲ್ಲ ಎಲ್ಲಿ ಗೊತ್ತು? ನೋಡುತ್ತಾ ನಿಂತೆ, ಬಾಯಿ ಬಿಡಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು.

ಅದನ್ನು ಹಳ್ಳದಲ್ಲಿ ಅದ್ದಿ, ಸೊನ್ನೆಯಲ್ಲೇ ನಿಂತ ಮೀಟರಿನ ಮುಳ್ಳು ತೋರಿಸಿ, "ನೋಡಿ, ಹಳ್ಳದ ನೀರು ಶುದ್ಧವಾಗಿದೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಳ್ಳದ ಮೇಲಿನ ತೋಟಕ್ಕೆ ಮೊನ್ನೆ ತಾನೇ ಕೀಟದ ಔಷಧಿ ಹೊಡೆದಿದ್ದಾರೆ.

ತೋಟದ ಕೂಲಿಯವರ ಲೈನ್ ಮನೆಯ ಅಣ್ಣಮ್ಮ ಕೊಡ ಹಿಡಿದು ಹಳ್ಳಕ್ಕೆ ಹೊರಟಿದ್ದರು.

"ಬೇಡ ಅಣ್ಣಮ್ಮ, ಲೈನಿನವ್ರೆಲ್ಲ ಬೋರ್‌ವೆಲ್ ನೀರೇ ತಗೊಳ್ಳಿ."

"ದೊಡ್ಡೋರು ಒಳ್ಳೇ ನೀರು ಅಂದ್ರಲ್ಲಮ್ಮ?"

"ಅವ್ರು ಅಂದ್ರು. ನಾನು ಅಂದಿಲ್ಲ."

ಸಂಜೆ ಒಬ್ಬಳೇ ಹೋಗಿ, ನನ್ನ ಹತ್ತಿರವಿದ್ದ ಹೊಸ ಎಲೆಕ್ಟ್ರೋಡನ್ನು ಅದೇ ಹಳ್ಳದಲ್ಲಿ ಅದ್ದಿದೆ. ಮುಳ್ಳು ಸರ್ರನೆ ಏರಿತು.

ನಾಳೆ ಬೆಳಗ್ಗೆ ತಿಂಡಿಗೆ ಎಲ್ಲರೂ ಕೂತಾಗ ಆ ನೀರನ್ನೇ ಲೋಟದಲ್ಲಿ ತಂದು ಪದ್ಮನಾಭಯ್ಯನವರ ಮುಂದೆ ಇಡುತ್ತೇನೆ. "ನೀವೇ ಶುದ್ಧ ಅಂದಿದ್ದೀರಿ ಸರ್, ಕುಡೀರಿ." ಲೋಟ ತುಟಿಗೆ ತಾಗುವ ಮೊದಲು ಕೈ ಹಿಡಿದು ತಡೆಯಬೇಕು. ತಡೆಯುತ್ತೇನೆ ಅಂತಲೇ ಅಂದುಕೊಂಡಿದ್ದೇನೆ, ಆದರೆ…