ಶೀರ್ಷಿಕೆ ಬರಹ: ಚಿಕ್ಕಮಾರಯ್ಯ

ಕೊಡಿಗೇಹಳ್ಳಿ
೧೭ ಆಗಸ್ಟ್ ೨೦೨೫

ಪ್ರೀತಿಯ ಸಬೀರಾ,

ಹೇಗಿದ್ದೀಯೆ? ಮಂಡಿನೋವು ಇಳಿಯಿತೇ? ಯುಗಾದಿಯ ಹೊತ್ತಿಗೆ ನೀನು ಬರೆದ ಕಾಗದಕ್ಕೆ ಶ್ರಾವಣದಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಆಮೇಲೆ ಓದು. ಫೋನ್ ಯಾಕೆ ಮಾಡುವುದಿಲ್ಲ ಎಂದು ನಿನ್ನ ಮಗಳು ಕೇಳಿದಳಂತೆ. ನೀನು ದೊಡ್ಡಬಳ್ಳಾಪುರಕ್ಕೆ ಹೋಗುವ ಮೊದಲು ಹದಿನೆಂಟು ವರ್ಷ ನಮ್ಮ ಪಕ್ಕದ ಗೋಡೆಯವಳಾಗಿದ್ದೆ, ನಿನಗೆ ಗೊತ್ತಿಲ್ಲವೇ? ಇರುವುದೇ ಒಂದು ಕೋಣೆ, ಒಂದು ಅಡುಗೆಮನೆ. ಎಲ್ಲಿ ನಿಂತು ಮಾತಾಡಿದರೂ ಮಂಚದ ಮೇಲಿರುವವರಿಗೆ ಕೇಳಿಸುತ್ತದೆ.

ನಮ್ಮ ಯಜಮಾನರು ಹಾಗೇ ಇದ್ದಾರೆ. ಲಕ್ವ ಹೊಡೆದು ಎರಡೂವರೆ ವರ್ಷವಾಯಿತು. ಬಲಗೈ, ಬಲಗಾಲು ಎರಡಕ್ಕೂ ಸ್ವಾಧೀನವಿಲ್ಲ. ಮಾತಿನಲ್ಲಿ ಉಳಿದಿರುವುದು "ಹೂಂ" ಮತ್ತು "ಬ್ಯಾಡ" ಮಾತ್ರ. ನಾನು ಹೊರಗೆ ಹೋಗುವುದೆಂದರೆ ಹಾಲಿನ ಬೂತಿನವರೆಗೆ. ಎದುರುಮನೆ ಬೈರಮ್ಮ ಬಂದು "ನೀ ಓಗವ್ವ, ಒಂದ್ ಗಳಿಗೆ ನಾ ಕುಂತ್ಕತೀನಿ" ಅನ್ನುತ್ತಾಳೆ. ಆದರೆ ನಾನು ಹೊಸಿಲು ದಾಟಿದರೆ ಸಾಕು, ಇವರು "ಬ್ಯಾಡ, ಬ್ಯಾಡ" ಎಂದು ಕೂಗಲು ಶುರು ಮಾಡುತ್ತಾರೆ. ಮನೆಯ ಎರಡೂ ಪಕ್ಕ ನಾಲ್ಕು ಮಹಡಿಯ ಪಿ.ಜಿ.ಗಳು ಎದ್ದಿವೆ. ಹನ್ನೊಂದು ಗಂಟೆಗೆ ಕಿಟಕಿಗೆ ಬಿಸಿಲು ಬರುತ್ತದೆ, ಹನ್ನೆರಡಕ್ಕೆ ಹೋಗುತ್ತದೆ. ಅದೊಂದು ಗಂಟೆಯೇ ನನ್ನ ಹಗಲು.

ದಿನವಿಡೀ ಟಿ.ವಿ. ಓಡುತ್ತದೆ. ಹಾಗೆಂದು ಸಿನಿಮಾ ನೋಡುತ್ತೇವೆ ಅಂದುಕೊಳ್ಳಬೇಡ. ಇವರಿಗೆ ಬೇಕಾಗಿರುವುದು ಟೈಟಲ್ ಮಾತ್ರ. ನಿರ್ದೇಶಕರ ಹೆಸರು ಬಂದು ಮಾಯವಾಗುತ್ತಿದ್ದಂತೆ ಎಡಗೈ ಎತ್ತುತ್ತಾರೆ, ನಾನು ಚಾನೆಲ್ ಬದಲಿಸಬೇಕು. ಎರಡೂವರೆ ವರ್ಷದಲ್ಲಿ ನೂರಾರು ಸಿನಿಮಾಗಳ ಆರಂಭ ನೋಡಿದ್ದೇನೆ, ಒಂದರ ಕಥೆಯೂ ಗೊತ್ತಿಲ್ಲ.

ಆದರೆ ಟೈಟಲ್ ಬಗ್ಗೆ ಕೇಳು, ಹೇಳುತ್ತೇನೆ. ಮೊದಲೆಲ್ಲ ಒಂದು ಹೆಸರು ಹಾಡಿನ ಒಂದು ಸಾಲು ಮುಗಿಯುವವರೆಗೆ ನಿಲ್ಲುತ್ತಿತ್ತು. ಹಿಂದೆ ಒಂದು ಹೊಳೆಯೋ, ರಂಗೋಲಿಯೋ. ಪ್ರಸಾಧನ ಮಾಡಿದವರ ಹೆಂಡತಿ ಮಕ್ಕಳು ಟಾಕೀಸಿನಲ್ಲಿ ಕೂತಿದ್ದರೆ ಓದಿ, ಕೈ ತೋರಿಸಿ, ಇನ್ನೊಮ್ಮೆ ಓದುವಷ್ಟು ಹೊತ್ತು. ಈಗಿನದರಲ್ಲಿ ಹೊಗೆ, ಕಿಡಿ, ಕಬ್ಬಿಣ ಬಡಿದ ಸದ್ದು. ಸಂಕಲನಕಾರನ ಹೆಸರು ಓದುವಷ್ಟರಲ್ಲಿ ಅದಕ್ಕೆ ಬೆಂಕಿ ಹತ್ತಿ ಬೂದಿಯಾಗಿರುತ್ತದೆ. ಹಾಡಂತೂ ಹೀರೋ ಹೆಸರನ್ನು ಹತ್ತು ಸಲ ಅರಚುತ್ತದೆ. ಟೈಟಲ್ ಹಾಡು ಬಾಗಿಲಲ್ಲಿ ನಿಂತು "ಒಳಗೆ ಬನ್ನಿ" ಎನ್ನುವ ಹಾಗಿರಬೇಕು ಕಣೇ. ಇವು ಕತ್ತಿನಪಟ್ಟಿ ಹಿಡಿದು ಎಳೆದುಕೊಂಡು ಹೋಗುತ್ತವೆ. ಮೊಬೈಲಿನಲ್ಲಂತೂ ಟೈಟಲ್ ಹಾರಿಸಿಬಿಡಲು ಒಂದು ಗುಂಡಿಯೇ ಇದೆಯಂತೆ. ಅಷ್ಟು ಜನ ದುಡಿದದ್ದು ಒಂದು ಬೆರಳಿನಲ್ಲಿ ಮುಗಿದುಹೋಗುತ್ತದೆ.

ಇಷ್ಟು ಬರೆಯಲು ಕಾರಣವಿದೆ. ಜೂನ್ ತಿಂಗಳಲ್ಲಿ ಮಧುಶ್ರೀ ಎಂಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಮೂವತ್ತೈದರ ಹತ್ತಿರವಿರಬಹುದು, ಆರ್.ಟಿ. ನಗರದವಳು. ತನ್ನ ಮೊದಲ ಸಿನಿಮಾ ನಿರ್ದೇಶನ ಮಾಡುತ್ತಿದ್ದಾಳೆ. "ಅಮ್ಮ, ಚಿಕ್ಕಮಾರಯ್ಯ ಸರ್ ಮನೆ ಇದೇನಾ? ನನ್ ಸಿನಿಮಾ ಟೈಟಲ್ ಕಂಪ್ಯೂಟರ್ ಅಕ್ಷರದಲ್ಲಿ ಬೇಡ. ಕೈಯಲ್ಲೇ ಬರ್ದಿರ್ಬೇಕು, ಸರ್ ಬರೀತಿದ್ರಲ್ಲ, ಹಾಗೆ" ಎಂದಳು. ಇವರ ಕೈ ನೋಡಿ ಅವಳ ಮುಖ ಸಣ್ಣದಾಯಿತು. ಇವರ ಕಣ್ಣಲ್ಲಿ ಮಾತ್ರ ನೀರು ನಿಂತಿತ್ತು. ಕೆಲಸ ಕೇಳಿಕೊಂಡು ಯಾರಾದರೂ ಈ ಬಾಗಿಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ನಾನೇ ಹೇಳಿಬಿಟ್ಟೆ, "ಅವರು ತೋರಿಸಿಕೊಟ್ಟರೆ ನಾನು ಬರೀತೀನಿ ಕಣಮ್ಮ. ಬಣ್ಣ ತುಂಬಿ ಅಭ್ಯಾಸ ಇದೆ."

ಕಪ್ಪು ರಟ್ಟು, ಬಿಳಿ ಬಣ್ಣ, ಮೂರು ಬ್ರಷ್ಷು ತಂದುಕೊಟ್ಟಳು. ಸಿನಿಮಾದ ಟೈಟಲ್ ಸಂಗೀತವನ್ನೂ ಮೊಬೈಲಿಗೆ ಹಾಕಿಕೊಟ್ಟಳು. ಒಂದು ಕೊಳಲು, ಒಂದು ತಮಟೆ, ಅಷ್ಟೇ. ಮಾತೇ ಇಲ್ಲ. ಕೇಳುತ್ತಿದ್ದರೆ ಬೆಳಿಗ್ಗೆ ಯಾರೋ ಅಂಗಳ ಗುಡಿಸುತ್ತಿದ್ದಾರೆ ಅನ್ನಿಸುತ್ತದೆ. ಅದನ್ನು ಹಾಕಿಕೊಂಡು ಬಿಸಿಲಿನ ಆ ಒಂದು ಗಂಟೆಯಲ್ಲಿ ದಿನಕ್ಕೆ ಒಂದೊಂದೇ ಹೆಸರಿನ ಕಾರ್ಡು ಬರೆದೆ. ಇವರು ಮಂಚದಿಂದಲೇ ಕಣ್ಣಲ್ಲಿ ತಿದ್ದಿದರು. ತಲೆಕಟ್ಟು ಸೊಟ್ಟಗಿದ್ದರೆ "ಬ್ಯಾಡ", ಒತ್ತಕ್ಷರ ಕೂತರೆ "ಹೂಂ". ಇಪ್ಪತ್ತಮೂರು ಕಾರ್ಡು ಮುಗಿಯಿತು.

ಕಳೆದ ಭಾನುವಾರ ಮಧುಶ್ರೀ ಲ್ಯಾಪ್‌ಟಾಪ್ ತಂದು ಮಂಚದ ಮೇಲೇ ಇಟ್ಟು ತೋರಿಸಿದಳು. ಕೆರೆಯ ಮೇಲೆ ಬೆಳಕು ಹರಿಯುತ್ತದೆ, ಹೆಸರುಗಳು ಒಂದೊಂದಾಗಿ ಬಂದು, ನಿಂತು, ಹೋಗುತ್ತವೆ. ಯಾವ ಆತುರವೂ ಇಲ್ಲ. "ಶೀರ್ಷಿಕೆ ಬರಹ: ಚಿಕ್ಕಮಾರಯ್ಯ" ಎಂದು ಬಂದಾಗ ಇವರು ಅತ್ತುಬಿಟ್ಟರು. ಬೈರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು "ನಮ್ಮೂರ್ ಎಸ್ರು ಉಳಿಸ್ಬುಟ್ಟೆ ಕಣಣ್ಣ" ಎಂದಳು. ಅವತ್ತಿನಿಂದ ಇವರು ಎರಡು ತುತ್ತು ಹೆಚ್ಚು ತಿನ್ನುತ್ತಿದ್ದಾರೆ. ಎಲ್ಲರಿಗೂ ಸಂತೋಷ.

ನಿನ್ನ ಮಗಳಿಗೂ ಮೊಮ್ಮಗುವಿಗೂ ನನ್ನ ಆಶೀರ್ವಾದ. ನಿನ್ನ ದೇವರು, ನನ್ನ ಮುನೇಶ್ವರ, ಇಬ್ಬರೂ ಸೇರಿ ನಿನ್ನ ಮಂಡಿ ಕಾಯಲಿ.

ನಿನ್ನ
ಮುನಿಕೃಷ್ಣಮ್ಮ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಕಾಗದ ಮತ್ತೆ ಹೊರಗೆ ತೆಗೆದೆ. ಇವರು ಈಗ ನಿದ್ದೆಯಲ್ಲಿದ್ದಾರೆ.

ಕಣ್ಣಲ್ಲಿ ತಿದ್ದಿದರು ಎಂದು ಬರೆದೆನಲ್ಲ, ಅದು ಸುಳ್ಳು ಸಬೀರಾ. ತೊಂಬತ್ತೊಂದರಲ್ಲೇ ಇವರ ಕೈ ನಡುಗಲು ಶುರುವಾಗಿತ್ತು. "ಯಾರ್ಗೂ ಏಳ್ಬ್ಯಾಡ ಮುನಿ, ಕೆಲ್ಸ ಓಯ್ತದೆ" ಎಂದು ಬ್ರಷ್ಷು ನನ್ನ ಕೈಗೆ ಕೊಟ್ಟರು. ಒಂದು ಸಿನಿಮಾಕ್ಕೆ ಎಂದುಕೊಂಡಿದ್ದೆ. ಕಂಪ್ಯೂಟರ್ ಬಂದು ಕೆಲಸ ನಿಲ್ಲುವವರೆಗೆ ಅಷ್ಟೂ ವರ್ಷ ಬಾಗಿಲು ಹಾಕಿಕೊಂಡು ಬರೆದವಳು ನಾನು. ಒಮ್ಮೆ, ಒಂದೇ ಒಂದು ಸಲ, ಕೊನೆಯಲ್ಲಿ ಸಣ್ಣಕ್ಷರದಲ್ಲಿ ನನ್ನ ಹೆಸರೂ ಇರಲಿ ಎಂದೆ. "ಎಸ್ರು ಯಾರ್ದಾದ್ರೇನು? ಕೆಲ್ಸ ನಮ್ ಮನೇದೇ ಅಲ್ವಾ?" ಎಂದರು. ಆಮೇಲೆ ಕೇಳಲಿಲ್ಲ. ಯಲಹಂಕದ ಟಾಕೀಸಿನಲ್ಲಿ ನೀನು ನನ್ನ ಪಕ್ಕೆ ತಿವಿದು "ನೋಡೇ, ನಿಮ್ಮೆಜಮಾನ್ರು!" ಅಂದಾಗಲೆಲ್ಲ ನಾನೇ ಬರೆದ ಅವರ ಹೆಸರಿಗೆ ನಾನೂ ಚಪ್ಪಾಳೆ ಹೊಡೆದಿದ್ದೇನೆ.

ಮಧುಶ್ರೀ ಬುದ್ಧಿವಂತೆ. ಕೊನೆಯ ಕಾರ್ಡು ಬರೆಯುವ ದಿನ ನನ್ನೆದುರು ಕೂತು ಕೇಳಿದಳು: "ಅಮ್ಮ, ಸರ್ ಹಳೇ ಟೈಟಲ್‌ಗಳೆಲ್ಲಾ ನೋಡಿದೀನಿ. ತೊಂಬತ್ತೊಂದರಿಂದ ಅಕ್ಷರ ಬೇರೆ ಆಗುತ್ತೆ. ಅದೇ ಕೈ ಈಗ ನನ್ ಮುಂದೆ ಬರೀತಿದೆ. ಯಾರ ಹೆಸ್ರು ಹಾಕ್ಲಿ? ನೀವು ಹೇಳಿದ್ದೇ ಹಾಕ್ತೀನಿ."

ಬಾಯಿ ತೆರೆದೆ. ಮಂಚದಿಂದ ಎಡಗೈ ಬಂದು ನನ್ನ ಸೆರಗು ಹಿಡಿಯಿತು. ತಿರುಗಿ ನೋಡಿದೆ. ಅವರ ಕಣ್ಣಲ್ಲಿ ಕೋಪವಿದ್ದಿದ್ದರೆ ಹೇಳಿಯೇಬಿಡುತ್ತಿದ್ದೆ. ಹೆದರಿಕೆ ಇತ್ತು ಕಣೇ, ಸಂತೆಯಲ್ಲಿ ತಾಯಿ ಕೈ ತಪ್ಪಿದ ಮಗುವಿನ ಹೆದರಿಕೆ.

"ಅವರ್ದೇ ಹಾಕಮ್ಮ" ಎಂದೆ. ಅವಳು ರಟ್ಟು ಮುಂದಕ್ಕೆ ಸರಿಸಿದಳು. ಬರೆದೆ. ಅಷ್ಟು ಚೆನ್ನಾಗಿ ಆ ಹೆಸರನ್ನು ನಾನು ಯಾವತ್ತೂ ಬರೆದಿರಲಿಲ್ಲ. ಬರೆದು ಮುಗಿಸುವವರೆಗೂ ಅವರು ಸೆರಗು ಬಿಡಲಿಲ್ಲ.

ನವೆಂಬರಿನಲ್ಲಿ ಸಿನಿಮಾ ಬಿಡುಗಡೆಯಂತೆ. ಇವರನ್ನು ಬಿಟ್ಟು ನಾನು ಬರಲಾರೆ. ನೀನು ಮಗಳ ಜೊತೆ ಹೋಗು, ಬೇಗ ಹೋಗಿ ಕೂತುಕೋ. ಅಕ್ಷರ ಯಾರದ್ದೆಂದು ಅವಳಿಗೊಬ್ಬಳಿಗೆ ಹೇಳು. ಈ ಹಾಳೆಯನ್ನು ಒಲೆಗೆ ಹಾಕು.